ಒಂಬತ್ತನೆಯ ಕಲ್ಲು

ಸುರುಳಿ ಸುತ್ತಿದ ನಕ್ಷೆಯ ತುದಿ ಮುಂದಿನ ಸೀಟಿನ ಹೆಂಗಸಿನ ಬೆನ್ನಿಗೆ ತಾಗುತ್ತಿತ್ತು, ಆಕೆ ಎರಡು ಸಲ ತಿರುಗಿ ನೋಡಿದಳು, ಮೂರನೆಯ ಸಲ ಏನವಾ ಚುಚ್ಚಾಕತ್ತಿ ಅಂದಳು, ತಪ್ಪಾತ್ರಿ ಎಂದು ಯಶೋಧರಾ ಅದನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡಳು — ತಪ್ಪಾತ್ರಿ, ಎಷ್ಟು ಸಲೀಸಾಗಿ ಬಂತು ಬಾಯಿಂದ ಆ ಮಾತು, ಗುರುತು ಪರಿಚಯ ಇಲ್ಲದವಳಿಗೆ, ಬೆನ್ನಿಗೆ ಒಂದು ಕಾಗದ ತಾಗಿದ್ದಕ್ಕೆ, ಇದೇ ಮಾತನ್ನು ಅಪ್ಪನಿಗೆ ಹೇಳಬೇಕೆಂದು ನಾಲ್ಕು ದಿನದಿಂದ ಗೋಕಾಕದ ರೂಮಿನಿಂದ ಫೋನು ಹಚ್ಚುತ್ತಾಳೆ, ಊಟಾ ಆತೇನಪ್ಪಾ ಎಂದಷ್ಟೇ ಕೇಳಿ ಇಡುತ್ತಾಳೆ, ಅಪ್ಪನೂ ಪಾಪ, ಆತವಾ, ನಿಂದು, ಅನ್ನುತ್ತಾನೆ. ಬಸ್ಸು ಗೋಕಾಕದ ಸ್ಟ್ಯಾಂಡು ಬಿಟ್ಟು ಊರ ಹೊರಗೆ ಬಂದು ವೇಗ ಹಿಡಿಯಿತು, ಇಷ್ಟೊಂದು ಅವಸರ ಯಾಕೆ ಇದಕ್ಕೆ, ಬೇರೆ ದಿನ ನಿಂತಲ್ಲೇ ನಿಂತಿರುತ್ತದೆ. ಮೂರು ಗಂಟೆಗೆ ಮಮದಾಪುರದ ಸ್ಮಶಾನದಲ್ಲಿ ಓಣಿಯ ಮಂದಿಯೆಲ್ಲ ಕೂಡುತ್ತಾರೆ, ಎತ್ತಿಟ್ಟ ಹದಿನಾಲ್ಕು ಕಲ್ಲುಗಳನ್ನು ಅವರವರ ಸಮಾಧಿಯ ಮೇಲೆ ತಿರುಗಿ ಊರುವ ದಿನ ಇವತ್ತು, ಯಾವ ಕಲ್ಲು ಎಲ್ಲಿ ಎಂದು ತೋರಿಸಬೇಕಾದವಳು ತಾನು, ತೋರಿಸುವ ನಕ್ಷೆ ತೊಡೆಯ ಮೇಲಿದೆ, ಮತ್ತು ಅದರೊಳಗಿನ ಹದಿನಾಲ್ಕು ಗುರುತುಗಳೂ ಸುಳ್ಳು. ಖರೆ ಗುರುತುಗಳನ್ನು ತಾನೇ ಕಂಪ್ಯೂಟರಿನಿಂದ ಅಳಿಸಿಬಿಟ್ಟಿದ್ದಾಳೆ, ಇವು ಇವತ್ತು ಬೆಳಿಗ್ಗೆ ತಾನು ನಕ್ಷೆ ಬರೆಯುವ ಆಫೀಸಿನಲ್ಲಿ ಕೂತು, ಚಹಾ ಕುಡಿಯುತ್ತ, ಮನಸ್ಸಿಗೆ ಬಂದಲ್ಲಿ ಇಟ್ಟವು. ಚಹಾ ಕಪ್ಪಿನ ತಳದವರೆಗೂ ಕುಡಿದಿದ್ದಳು, ಅದು ನೆನಪಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಯಾರೂ ಕೇಳಿರಲಿಲ್ಲ, ತಾನೇ ಮುಂದೆ ಬಿದ್ದು ಹೋದದ್ದು. ಹಳ್ಳದ ದಂಡೆಯ ಆ ಹನ್ನೊಂದು ಗುಂಟೆ ತಗ್ಗಿನ ಜಾಗ, ಮಳೆಗಾಲದಲ್ಲಿ ಮೊಣಕಾಲ ಮಟ ನೀರು ನಿಲ್ಲುತ್ತಿತ್ತು, ಹೆಣ ಹೊತ್ತವರು ಕೆಸರಿನಲ್ಲಿ ಕಾಲು ಕಿತ್ತಿಡಲಾರದೆ ಒದ್ದಾಡುತ್ತಿದ್ದರು, ಅಂತೂ ಇಂತೂ ಪಂಚಾಯಿತಿಯವರು ಮೂರು ಫೂಟು ಗರಸು ಮಣ್ಣು ಹಾಕಿಸಿ ಎತ್ತರ ಮಾಡಿ ಸುತ್ತ ತಂತಿಬೇಲಿ ಹಾಕಿಸಲು ಒಪ್ಪಿದರು, ಮೂಡಲಗಿ ಕಡೆಯಿಂದ ಟಿಪ್ಪರಿನಲ್ಲಿ ಗರಸು ಬರುವುದು ಗೊತ್ತಾಯಿತು, ಆದರೆ ಮೊದಲು ಕಲ್ಲು ಎತ್ತಬೇಕಲ್ಲ, ಅಲ್ಲಿ ಗುಡ್ಡಪ್ಪ ಕಾಕಾ ಅಡ್ಡ ಕೂತ. ಓಣಿಯ ಹಿರಿಯ ಅವನು, ಅವನ ಮಾತು ಮೀರುವವರಿಲ್ಲ. ಕಲ್ಲ ಎತ್ತಿದ ಮ್ಯಾಲ ಯಾರ ಎಲ್ಲಿ ಮಲಗ್ಯಾರಂತ ಹೆಂಗ ಗೊತ್ತಾಗಬೇಕು, ಅಂತ ಕೇಳಿದ. ಸರಿಯಾಗಿಯೇ ಕೇಳಿದ್ದ. ಹೆಸರು ಕೆತ್ತಿದ ಕಲ್ಲುಗಳಲ್ಲ ಅವು, ಹೊಲದ ಬದುವಿನಿಂದ ತಂದು ಊರಿದ ಕಾಡುಗಲ್ಲುಗಳು, ಯಾವುದು ಯಾರದೆಂದು ಅಪ್ಪನಿಗೆ ಗೊತ್ತು, ಓಣಿಯ ಮುದುಕಿ ಫಕೀರವ್ವನಿಗೆ ಗೊತ್ತು, ಅದೂ ಈ ಕಳ್ಳಿಯ ಬಾಜೂ, ಆ ಹೊಂಡದ ಮಗ್ಗಲು ಎಂದು ಗುರುತು ಹಿಡಿದು. ಆಗ ಯಶೋಧರಾ ಎದ್ದು ನಿಂತು, ಅದನ್ನ ನನಗ ಬಿಡ್ರಿ ಕಾಕಾ ಅಂದಿದ್ದಳು. ಒಂದು ದಿನ ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಹೋಗಿ, ಬಾವಿಯ ಮೂಲೆಯಿಂದ ಒಂದು ಟೇಪು, ಬೇವಿನ ಮರಕ್ಕೆ ಹೊಡೆದ ಮೊಳೆಯಿಂದ ಒಂದು ಟೇಪು, ಹೀಗೆ ಒಂದೊಂದು ಕಲ್ಲಿನ ದೂರವನ್ನೂ ಎರಡು ಕಡೆಯಿಂದ ಅಳೆದು ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಂಡಿದ್ದಳು, ಕಲ್ಲಿನ ಹೊಟ್ಟೆಗೆ ಬಿಳಿ ಬಣ್ಣದಲ್ಲಿ ನಂಬರು ಹಾಕಿದ್ದಳು. ಮೂರು ಫಕೀರವ್ವನ ಗಂಡ ಉದ್ದಪ್ಪನದು. ಒಂಬತ್ತು ಅವ್ವನದು. ಆ ನಂಬರು ಬರೆಯುವಾಗ ಅಪ್ಪ ಬಣ್ಣದ ಡಬ್ಬಿ ಹಿಡಿದು ನಿಂತವನು ಗಿಡದ ಕಡೆ ಮುಖ ಮಾಡಿದ್ದ.

ಆಮೇಲೆ ಲ್ಯಾಪ್‌ಟಾಪು ಒಯ್ದು ಗುಡ್ಡಪ್ಪ ಕಾಕಾನ ಮುಂದೆ ತೆರೆದು ತೋರಿಸಿದ್ದು, ಹದಿನಾಲ್ಕು ಕೆಂಪು ಗುರುತು, ಹದಿನಾಲ್ಕು ಹೆಸರು, ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ, ಒಂದ ಬೆರಳಷ್ಟೂ ಹೆಚ್ಚುಕಮ್ಮಿ ಆಗೂದಿಲ್ಲ ಕಾಕಾ, ಬೇಕಾದಾಗ ತಗದ ಕೊಡತೇನಿ, ಎತ್ರಿ — ಎಷ್ಟು ಧಿಮಾಕು ಇತ್ತು ಆ ಮಾತಿನಲ್ಲಿ, ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದರು, ಅಪ್ಪ ಯಾರಿಗೂ ಕಾಣದಂತೆ ಮೀಸೆ ತೀಡಿಕೊಂಡ. ಮನೆಗೆ ಬಂದು ಆ ಕ್ಯಾಲೆಂಡರಿನ ಹಾಳೆ ಹಿಡಿದುಕೊಂಡು, ಇದನ್ನ ಇಟಗೊಳ್ಳೇನವಾ ಅಂತ ಕೇಳಿದ. ಬ್ಯಾಡಪ್ಪಾ, ಎಲ್ಲಾ ಕಂಪ್ಯೂಟರಿನ್ಯಾಗ ಐತಿ, ಅದ್ಯಾಕ ಕಸಾ. ಮರುದಿನ ಬೆಳಿಗ್ಗೆ ಅಪ್ಪ ನೀರೊಲೆಗೆ ಅದೇ ಹಾಳೆಯಿಂದ ಬೆಂಕಿ ಹಚ್ಚಿದ, ತಾನು ಹಲ್ಲುಜ್ಜುತ್ತ ನಿಂತು ನೋಡಿದ್ದಳು, ಆ ನೀರಿನಲ್ಲೇ ಮೈ ತೊಳೆದುಕೊಂಡು ಗೋಕಾಕಕ್ಕೆ ಏಳೂವರೆಯ ಬಸ್ಸು ಹತ್ತಿದ್ದಳು.

ಟಿಕೆಟ್ ಟಿಕೆಟ್ ಎಂದು ಕಂಡಕ್ಟರ್ ಬಂದ, ಮಮದಾಪುರ ಅಂದಳು, ಆಧಾರ್ ತೋರಿಸಿದಳು, ಮುಖ ನೋಡದೆ ಚೀಟಿ ಹರಿದು ಕೊಟ್ಟ, ಯಾರಿಗೂ ಏನೂ ಕಾಣುತ್ತಿಲ್ಲ, ಕಾಣದಿರುವುದೇ ಎಲ್ಲಕ್ಕೂ ಮೂಲ. ನಕ್ಷೆಯೆಂದರೆ ಒಂದರ ಮೇಲೊಂದು ಹಾಸಿದ ಪದರುಗಳು, ರಸ್ತೆಗೆ ಒಂದು, ಬೇಲಿಗೆ ಒಂದು, ಗಿಡಗಳಿಗೆ ಒಂದು, ಪ್ರತಿಯೊಂದರ ಹೆಸರಿನ ಮುಂದೆ ಪುಟ್ಟ ಬಲ್ಬಿನ ಚಿತ್ರ, ಅದನ್ನು ಒತ್ತಿದರೆ ಆ ಪದರು ಕಣ್ಣಿಗೆ ಮರೆಯಾಗುತ್ತದೆ, ಇರುತ್ತದೆ, ಕಾಣುವುದಿಲ್ಲ ಅಷ್ಟೇ. ಬಲ್ಬಿನ ಬಾಜೂ ಒಂದು ಕೀಲಿಯ ಚಿತ್ರವೂ ಇದೆ. ಕಾಯೂದ ಇದ್ರ ಕೀಲಿ ಹಾಕು, ಅಂತ ಆಫೀಸಿನ ಯಜಮಾನರಾದ ಕುಂಥುನಾಥ ಸರ್ ತಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಹೇಳಿಕೊಟ್ಟಿದ್ದರು, ಕೀಲಿ ಹಾಕಿದ್ದರೆ ಯಾವ ಬಿರುಗಾಳಿಯೂ ಸಮಾಧಿಗಳ ಪದರನ್ನು ಮುಟ್ಟುತ್ತಿರಲಿಲ್ಲ. ಆದರೆ ಪಂಚಾಯಿತಿ ಇದೇ ಆಫೀಸಿಗೆ ಕೊಟ್ಟ ಕೆಲಸ, ಬೇಲಿ, ಗೇಟು, ನೀರು ಹರಿದು ಹೋಗುವ ಗಟಾರು ಎಂದು ದಿನಾ ಆ ಫೈಲು ತೆರೆಯಬೇಕು, ತೆರೆದ ಕೂಡಲೇ ನಟ್ಟನಡುವೆ ಕೆಂಪಗೆ ಸಾತವ್ವ ಎಂದು ಕಾಣುತ್ತದೆ, ತಾನೇ ಟೈಪು ಮಾಡಿದ ಅವ್ವನ ಹೆಸರು. ಅವ್ವ ಒಮ್ಮೆ ಕೇಳಿದ್ದಳು, ಐಟಿಐಗೆ ಸೇರಿದ ಹೊಸತರಲ್ಲಿ, ಅಲ್ಲಾ ಗೆರಿ ಎಳದ್ರ ಪಗಾರ ಕೊಡತಾರೇನ, ನಾ ದಿನಾ ಕಸಬರಿಗಿಲೇ ಎಷ್ಟ ಗೆರಿ ಎಳೀತೇನಿ, ಎಂದು ನಕ್ಕಿದ್ದಳು, ಪಗಾರು ನೋಡುವವರೆಗೆ ಉಳಿಯಲಿಲ್ಲ. ಮಣ್ಣಿಗೆ ಇಡುವ ದಿನ ತಾನೂ ಅಲ್ಲೇ ಇದ್ದಳು, ಯಾರೋ ತೋಳು ಹಿಡಿದಿದ್ದರು, ಕಣ್ಣೀರಿನಲ್ಲಿ ಬಾವಿ ಯಾವ ಕಡೆ, ಬೇವು ಯಾವ ಕಡೆ ಏನೂ ತಿಳಿಯಲಿಲ್ಲ, ಅವ್ವನ ಕೈಯ ಹಸಿರು ಬಳೆಯೊಂದೇ ನೆನಪು. ಹೆಸರು ನೋಡುತ್ತ ಗೆರೆ ಎಳೆಯಲಾಗಲಿಲ್ಲ, ಒಂದು ಮಧ್ಯಾಹ್ನ ಆ ಪದರಿನ ಬಲ್ಬನ್ನು ಒತ್ತಿ ಮರೆ ಮಾಡಿದಳು. ಸ್ವಲ್ಪ ಹೊತ್ತು ಹಗುರೆನಿಸಿತ್ತು, ಅದೇ ತಪ್ಪು, ಅವ್ವನ ಹೆಸರು ಕಣ್ಣಿಗೆ ಬೀಳದಿದ್ದರೆ ಸಾಕು ಎನಿಸಿದ್ದೇ ತಪ್ಪು.

ಅದಾಗಿ ಒಂದು ವಾರಕ್ಕೆ ಕುಂಥುನಾಥ ಸರ್ ಯಮಕನಮರಡಿಯ ಕೆಲಸಕ್ಕೆ ಹೊರಟವರು ಬಾಗಿಲಲ್ಲಿ ನಿಂತು, ಯಶೋಧರಾ, ಆ ಮಮದಾಪುರದ ನಕ್ಷಾದಾಗ ಹಾಳ ಚುಕ್ಕಿ ಭಾಳ ಬಿದ್ದಾವ ನೋಡವಾ, ಸ್ವಚ್ಛ ಮಾಡಿಡು, ಪಂಚಾಯ್ತಿಗೆ ಕೊಡೂದೈತಿ ಅಂದರು. ಒಂದೊಂದೇ ಚುಕ್ಕಿ ಹುಡುಕಿ ತೆಗೆಯುವ ಹೆಣ್ಣಲ್ಲ ತಾನು, ಜಾಣೆ, ತನ್ನದೇ ಒಂದು ರೂಢಿ ಮಾಡಿಕೊಂಡಿದ್ದಳು, ಅಳಿಸುವ ಆಜ್ಞೆ ಕೊಟ್ಟು ಇದ್ದಬದ್ದದ್ದೆಲ್ಲವನ್ನೂ ಒಮ್ಮೆಗೇ ಹಿಡಿಯುವುದು, ಆಮೇಲೆ ಬೇಕಾದದ್ದರ ಸುತ್ತ ಚೌಕ ಎಳೆದು ಬಿಡಿಸಿಕೊಳ್ಳುವುದು, ಹಿಡಿತದಲ್ಲಿ ಉಳಿದದ್ದು ಕಸ, ಒಂದೇ ಏಟಿಗೆ ಸಾಫು. ಬಾಜೂ ಟೇಬಲ್ಲಿನ ದೀಪಾಳಿಗೂ ಇದನ್ನು ಕಲಿಸಿ ದೊಡ್ಡಸ್ತಿಕೆ ತೋರಿಸಿದ್ದಳು. ಹಿಡಿಯುವಾಗ ಅದು ಮರೆಯಾದ ಪದರನ್ನೂ ಹಿಡಿಯುತ್ತದೆ, ಬಿಡಿಸುವಾಗ ಕಾಣದ್ದನ್ನು ಹೇಗೆ ಬಿಡಿಸಬೇಕು. ಕೆಳಗೆ ಸಾಲಿನಲ್ಲಿ ಲೆಕ್ಕ ಬಂತು, ಉಳಿದದ್ದು ಮೂವತ್ತೇಳು. ಕಂಡಿತ್ತು, ಆ ಅಂಕಿ ಕಣ್ಣಿಗೆ ಬಿದ್ದಿತ್ತು, ಎಂಟೋ ಒಂಬತ್ತೋ ಚುಕ್ಕಿ ಇದ್ದಾವು, ಮೂವತ್ತೇಳು ಯಾಕೆ ಎಂದು ಒಂದು ಗಳಿಗೆ ಅನ್ನಿಸಿಯೂ ಇತ್ತು, ಅಷ್ಟರಲ್ಲಿ ದೀಪಾ, ಡಬ್ಬಿ ತಗಿಯವಾ, ಹೊಟ್ಟಿ ಚುರುಚುರು ಅನ್ನಾಕತ್ತೇತಿ ಅಂದಳು, ಯಶೋಧರಾ ಎಂಟರ್ ಒತ್ತಿದಳು. ಒಂಬತ್ತು ಚುಕ್ಕಿ, ಹದಿನಾಲ್ಕು ಗುರುತು, ಹದಿನಾಲ್ಕು ಹೆಸರು. ನಾಲ್ಕು ದಿನದಿಂದ ಕೂಡಿಸುತ್ತಿದ್ದಾಳೆ, ಪ್ರತಿ ಸಲವೂ ಮೂವತ್ತೇಳೇ ಆಗುತ್ತದೆ.

ಅಳಿಸಿದ್ದನ್ನು ತಿರುಗಿ ತರುವ ಆಜ್ಞೆಯೂ ಇದೆ, ಊಪ್ಸ್ ಎಂದು ಟೈಪು ಮಾಡಿದರೆ ಸಾಕು, ಅಯ್ಯೋ ಅಂದ ಹಾಗೆ, ನಡುವೆ ಮಾಡಿದ ಬೇರೆ ಕೆಲಸ ಯಾವುದನ್ನೂ ಕೆಡಿಸದೆ ಅಳಿಸಿದ್ದನ್ನು ಇದ್ದ ಜಾಗಕ್ಕೆ ತಂದು ನಿಲ್ಲಿಸುತ್ತದೆ, ಆದರೆ ಕಡೆಯದಾಗಿ ಅಳಿಸಿದ್ದನ್ನು ಮಾತ್ರ. ರೊಟ್ಟಿ ತಿಂದು ಕೈ ತೊಳೆದು ಬಂದು ಗೇಟಿನ ಹತ್ತಿರ ಹೆಚ್ಚಾಗಿದ್ದ ಒಂದು ಗೆರೆ ಅಳಿಸಿದಳು, ಆ ಹಾಳು ಗೆರೆ ಹೋಗಿ ಹದಿನಾಲ್ಕು ಸಮಾಧಿಗಳ ಮುಂದೆ ನಿಂತುಬಿಟ್ಟಿತು. ಆಗಲೂ ಹೊತ್ತು ಮೀರಿರಲಿಲ್ಲ, ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಬಹುದಿತ್ತು, ಫೈಲು ಮುಚ್ಚುವವರೆಗೆ, ತಿಳಿದಿದ್ದರೆ. ಒಂದು ಸಲ ಸೇವ್ ಮಾಡಿದಳು, ಚೊಲೋ ಹುಡುಗಿ ಅಲ್ಲವೇ, ಇನ್ನೊಂದು ಸಲವೂ ಸೇವ್ ಮಾಡಿದಳು, ಮೊದಲ ಸಲಕ್ಕೆ ಉಳಿದಿದ್ದ ಹಿಂದಿನ ಪ್ರತಿ ಎರಡನೆಯ ಸಲಕ್ಕೆ ಅಳಿದುಹೋಯಿತು, ಸರಿಯಾಗಿ ಮುಚ್ಚಿದಳು. ಆವತ್ತು ಕರೆಂಟಾದರೂ ಹೋಗಬಾರದಿತ್ತೇ, ದಿನಕ್ಕೆ ನಾಲ್ಕು ಸಲ ಹೋಗುವುದು, ಕಂಪ್ಯೂಟರು ಧಡಕ್ಕನೆ ಆರಿದ್ದರೆ ಅದು ತಾನಾಗಿ ಕೂಡಿಟ್ಟುಕೊಳ್ಳುವ ಪ್ರತಿಯೊಂದು ಎಲ್ಲೋ ಮೂಲೆಯಲ್ಲಿ ಉಳಿದಿರುತ್ತಿತ್ತು, ನೆಟ್ಟಗೆ ಮುಚ್ಚಿದರೆ ಅದನ್ನೂ ತಾನೇ ಗುಡಿಸಿ ಹಾಕುತ್ತದೆ.

ಸೋಮವಾರ, ಕಲ್ಲು ಊರುವ ದಿನ ಗೊತ್ತಾಯ್ತು ಎಂದು ಅಪ್ಪ ಫೋನು ಮಾಡಿದ ಮೇಲೆ, ಫೈಲು ತೆರೆದು ಬಲ್ಬು ಹಚ್ಚಿದಳು, ಹಳದಿಯಾಯಿತು, ಬೇಲಿಯೊಳಗೆ ಖಾಲಿ. ಇನ್ನೊಮ್ಮೆ ಆರಿಸಿ ಹಚ್ಚಿದಳು. ಖಾಲಿ. ಸರ್ ಬಂದು ಕನ್ನಡಕ ಏರಿಸಿ ಹಳೆಯ ಪ್ರತಿ ತೆಗೆಸಿದರು, ಅದರಲ್ಲೂ ಇಲ್ಲ, ಕಾಕಾನಿಗೆ ತೋರಿಸಿದ ಲ್ಯಾಪ್‌ಟಾಪಿನಲ್ಲಿ ಪ್ರತಿ ಇಟ್ಟಿರಲೇ ಇಲ್ಲ, ಎರಡ ಸಲ ಸೇವ್ ಮಾಡೀಯೇನು ಅಂದರು, ಹೂಂರಿ ಸರ್, ಅವರು ಬೈಯಲಿಲ್ಲ, ಬೈದಿದ್ದರೆ ಅಳಬಹುದಿತ್ತು. ಹುಕ್ಕೇರಿಯಲ್ಲಿ ಅಳಿದ ಫೈಲು ತೆಗೆಯುವವನೊಬ್ಬ ಇದ್ದಾನೆಂದು ಕಂಪ್ಯೂಟರಿನ ಡಬ್ಬಿಯನ್ನೇ ಹೊತ್ತು ಹೋದಳು, ಅವನು ಮಧ್ಯಾಹ್ನದ ತನಕ ಕೂತು, ಅಕ್ಕಾರ, ಅದರ ಮ್ಯಾಲ ಹೊಸಾದು ಕುಂತ ಬಿಟ್ಟೈತ್ರಿ, ಕೆಳಗಿಂದು ಸಿಗೂದಿಲ್ಲ ಅಂದ. ಪಂಚಾಯಿತಿಗೆ ಕೊಟ್ಟ ಕಾಗದದಲ್ಲಿ ಬರೀ ಬೇಲಿ, ಗೇಟು. ಮೊಬೈಲಿನಲ್ಲಿ ಒಂದು ಫೋಟೊ, ಅಪ್ಪ ಒಂಬತ್ತನೆಯ ಕಲ್ಲಿನ ಬಳಿ ಟೇಪು ಹಿಡಿದು ನಿಂತದ್ದು, ಹಿಂದೆ ಬರೀ ಆಳೆತ್ತರದ ಹುಲ್ಲು, ಅದು ಎಲ್ಲಿಯ ಹುಲ್ಲು ಎಂದು ಹೇಗೆ ಹೇಳುವುದು. ನಿನ್ನೆ ಸಂಜೆ ಸರ್ ಹೇಳಿದರು, ನೋಡವಾ, ಖರೆ ಹೇಳಿಬಿಡು, ಮಂದಿ ಸಿಟ್ಟಾಗತಾರ, ನಾಕ ದಿನ ಬೈತಾರ, ಆಮ್ಯಾಲ ಎಲ್ಲಾರಿಗೂ ಕೂಡಿ ಒಂದ ಕಲ್ಲ ನಿಂದ್ರಸ್ತಾರ, ಬೇಕಂದ್ರ ನಾನೂ ಬರತೇನಿ. ಹೂಂ ಅಂದಿದ್ದಳು, ಮನಸ್ಸಿನಲ್ಲಿಯೂ ಹೂಂ ಎಂದೇ ಇತ್ತು. ಬೆಳಿಗ್ಗೆ ಅಪ್ಪನ ಫೋನು ಬಂತು, ನಮ್ಮ ಹುಡುಗಿ ಬರತಾಳ, ಟೇಪ ಹಿಡದ ತೋರಸ್ತಾಳ, ಗುಡ್ಡಪ್ಪನ ಬಾಯಿ ಮುಚ್ಚಸ್ತಾಳ ಅಂತ ಓಣಿ ತುಂಬ ಹೇಳಿಬಂದೇನಿ ನೋಡು, ಅಂದ. ಇಪ್ಪತ್ತು ವರ್ಷ ಮಂದಿಯ ಮುಂದೆ ತಲೆ ತಗ್ಗಿಸಿಯೇ ನಡೆದವನು ಈಗೀಗ ಎತ್ತಿದ್ದಾನೆ, ಆ ತಲೆಯನ್ನು ಅದೇ ಮಂದಿಯ ನಡುವೆ ತಾನೇ ಹೋಗಿ ತಗ್ಗಿಸುವುದೇ. ಸರ್ ಹೊರಗೆ ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂತಳು. ಮೊದಲು ಸಾಲಾಗಿ ಇಟ್ಟಳು, ಸಾಲು ಕಂಡರೆ ಹಿಡಿಯುತ್ತಾರೆ, ಹಳೆಯವು ಹೀಗೆ ಓರಣವಾಗಿ ಇರಲಿಲ್ಲ ಎನಿಸಿ ಒಂದೊಂದನ್ನೂ ಒಂದಿಷ್ಟು ಅತ್ತ ಇತ್ತ ಸರಿಸಿದಳು, ಸುಳ್ಳಿಗೂ ಎಷ್ಟು ಕಸಬು ಬೇಕು ನೋಡು, ಬಾವಿಯಿಂದ ಇಷ್ಟು, ಬೇವಿನಿಂದ ಇಷ್ಟು ಎಂದು ದೂರ ಬರೆದಳು, ಪ್ರಿಂಟು ಹೊಡೆದಳು.

ಸ್ಮಶಾನದಲ್ಲಿ ಗರಸು ಕೆಂಪಗೆ ಹಾಸಿತ್ತು, ಕಳ್ಳಿ ಇಲ್ಲ, ಹೊಂಡ ಇಲ್ಲ, ಚಪ್ಪಲಿಯ ಕೆಳಗೆ ಚರಚರ ಎನ್ನುತ್ತದೆ, ಬೇವಿನ ನೆರಳಿನಲ್ಲಿ ಕಲ್ಲುಗಳನ್ನು ಒಟ್ಟಿದ್ದರು, ಎಲ್ಲರ ಕೈಯಲ್ಲಿ ಮೇಣಬತ್ತಿ, ಊದಿನಕಡ್ಡಿ, ಅಪ್ಪ ಬಿಳಿ ಅಂಗಿ ಹಾಕಿದ್ದ. ಬುದ್ಧವಂದನೆ ಆಯಿತು, ಅವಳ ತುಟಿಯೂ ಅಲುಗಾಡಿತು, ಸುಳ್ಳು ಹೇಳುವುದಿಲ್ಲ ಎಂಬ ಶೀಲದ ಹತ್ತಿರ ಬಂದಾಗ ಅಲುಗಾಡುವುದು ನಿಂತಿತು, ಯಾರೂ ನೋಡಲಿಲ್ಲ. ಈಗ ಹೇಳಬಹುದು, ಈಗಲೇ, ಎಲ್ಲರೂ ಸುಮ್ಮನಿದ್ದಾರೆ — ಹಿಡೀರಿ ಟೇಪ, ಅಂದಳು. ಒಂದು, ಎರಡು, ಬಾವಿಯ ಕಡೆ ಒಬ್ಬರು, ಬೇವಿನ ಕಡೆ ಒಬ್ಬರು, ಎರಡು ಟೇಪು ಕೂಡಿದಲ್ಲಿ ಅವಳು ಸುಣ್ಣ ಚೆಲ್ಲುತ್ತಾಳೆ, ಅಲ್ಲಿ ಕಲ್ಲು ಊರುತ್ತಾರೆ, ಒಬ್ಬಳು ತಬ್ಬಿಕೊಂಡು ಅತ್ತಳು, ಏನೂ ಇಲ್ಲದ ಗರಸಿನ ಮೇಲೆ. ಮೂರನೆಯದಕ್ಕೆ ಫಕೀರವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು, ಇಷ್ಟ ದೂರ ಇದ್ದನೇನವಾ ನಮ್ಮಾಂವ, ನನಗ ಬಾವಿ ಹಂತ್ಯಾಕ ಇದ್ದಂಗ ನೆನಪು. ಯಶೋಧರಾಳ ನಾಲಿಗೆಯ ತುದಿಗೆ ಬಂತು, ಹೌದು ಆಯಿ, ಅಲ್ಲೇ ಇದ್ದಿರಬೇಕು, ನಿನಗೇ ಗೊತ್ತು, ನನಗೆ ಗೊತ್ತಿಲ್ಲ — ಅಷ್ಟರಲ್ಲಿ ಗುಡ್ಡಪ್ಪ ಕಾಕಾ, ಬೇರೆ ಯಾರೂ ಅಲ್ಲ, ಆ ಗುಡ್ಡಪ್ಪ ಕಾಕಾನೇ, ನಿನ್ನ ನೆನಪೇನ ತಗೊಂಡ ಕುಂತಿ, ನಕ್ಷಾದಾಗ ಬಂದೇತಿ, ಸುಮ್ಕಿರ ಅಂದ. ಫಕೀರವ್ವ ಒಂದಿಷ್ಟು ಹೊತ್ತು ಬಾವಿಯ ಕಡೆ ನೋಡಿದಳು, ಹೌದ ಬಿಡವಾ, ಮುದುಕಿ ಆಗೇನಿ, ತಲಿ ನೆಟ್ಟಗಿಲ್ಲ, ಎಂದು ನಕ್ಕು, ಯಶೋಧರಾ ತೋರಿಸಿದ ಜಾಗಕ್ಕೆ ಹೋಗಿ ಮೇಣಬತ್ತಿ ಹಚ್ಚಿದಳು. ಆಕೆಯ ನೆನಪೊಂದು ಉಳಿದಿತ್ತು, ಅದನ್ನೂ ಅಳಿಸಿಯಾಯಿತು.

ಒಂಬತ್ತನೆಯದನ್ನು ಅಪ್ಪ ಯಾರಿಗೂ ಮುಟ್ಟಗೊಡಲಿಲ್ಲ, ಎದೆಗೆ ಅವುಚಿಕೊಂಡು ಬಂದ, ಬಿಳಿ ಅಂಗಿಗೆ ಮಣ್ಣಾಯಿತು, ಎಲ್ಲೆವಾ ನಿಮ್ಮವ್ವ, ಅಂತ ಕೇಳಿದ, ಎಲ್ಲಿ ಎಂದು ತನಗೆ ಗೊತ್ತಿದ್ದರೆ ತಾನೇ, ಸುಣ್ಣ ಹಿಡಿದ ಕೈ ತಾನಾಗಿಯೇ ಮುಂದಕ್ಕೆ ಹೋಯಿತು, ಇಲ್ಲೇ ಅಪ್ಪಾ. ಅವನು ಊರಿದ, ಗರಸು ಒತ್ತಿ ಒತ್ತಿ ಕೂರಿಸಿದ, ಅಂಗೈಯಿಂದ ಕಲ್ಲಿನ ತಲೆ ಒರೆಸಿದ, ಬಂದ್ಯಾ ಮನಿಗೆ, ಎಂದು ಮೆಲ್ಲಗೆ ಅದಕ್ಕೇ ಅಂದ. ಆಮೇಲೆ ಚಪ್ಪಲಿ ಬಿಟ್ಟು ಕಲ್ಲಿನ ಬಾಜೂ ನಿಂತ, ಟೇಪು ಕೊಡಲು ಹೋದರೆ ಬ್ಯಾಡ ಎಂದು ಕೈ ಆಡಿಸಿದ, ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸಿ ಇಟ್ಟ, ಮತ್ತೆ ಒಂದು ಪಾದ, ಮತ್ತೆ ಒಂದು, ಆರೂವರೆ ಪಾದ ಅಳೆದು ನಿಂತು ತಿರುಗಿದ. ಇಷ್ಟ ಸಾಕ ನನಗ, ಹದಿನೈದ ಅಂತ ನಂಬರ ಹಾಕಿ ಇಲ್ಲಿ ನನ್ನ ಹೆಸರ ನಕ್ಷಾದಾಗ ಬರ್ಕೊ, ನಾಳೆ ನಾ ಹ್ವಾದಾಗ ಮಂದಿ ಹುಡಿಕ್ಯಾಡೂದು ಬ್ಯಾಡ, ಆಕಿ ಮಗ್ಗಲದಾಗ ಇರತೇನಿ. ಅಪ್ಪಾ, ಅಂದಳು. ಏನವಾ. ಹೇಳು, ಹೇಳಿಬಿಡು, ಒಂದೇ ಮಾತು, ಬಸ್ಸಿನಲ್ಲಿ ಗುರುತಿಲ್ಲದವಳಿಗೂ ಹೇಳಿದ ಮಾತು, ಓಣಿಯೆಲ್ಲ ನೋಡುತ್ತಿದೆ, ಅವನು ನಗುತ್ತಿದ್ದಾನೆ, ಬರ್ಕೊಂಡ್ಯೇನು, ಅಂತ ಕೇಳುತ್ತಿದ್ದಾನೆ, ಹೂಂ ಅಪ್ಪಾ, ಬರ್ಕೊಂಡೆ. ಎಲ್ಲಿ ತಪ್ಪೀತೋ ಎಂದು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಲು ಅವನು ತಿರುಗಿ ಕಲ್ಲಿನ ಹತ್ತಿರ ಹೋದ, ತಿರುಗಿ ಹೆಜ್ಜೆ ಇಡುತ್ತಿದ್ದಾನೆ, ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು, ಒಡೆದ ಹಿಮ್ಮಡಿಗೆ ಕೆಂಪು ಗರಸು ಮೆತ್ತಿದೆ, ಅವ್ವ ಇನ್ನೆಲ್ಲೋ ಇದ್ದಾಳೆ, ಬಾವಿಯ ಕಡೆಯೋ ಬೇವಿನ ಕಡೆಯೋ, ಅವನು ಇಲ್ಲಿ ಯಾರೂ ಇಲ್ಲದ ಕಲ್ಲಿನ ಮಗ್ಗಲಿಗೆ ತನ್ನ ಉದ್ದ ಅಳೆದುಕೊಳ್ಳುತ್ತಿದ್ದಾನೆ, ಹಿಮ್ಮಡಿ, ಬೆರಳು, ಹಿಮ್ಮಡಿ